ಆಟಕ್ಕುಂಟು, ಲೆಕ್ಕಕ್ಕಿಲ್ಲ: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ 2,628 ಯಾರ್ಡ್‌ಗಳ ಜಗಳ

2024ರ ಡಿಸೆಂಬರ್ 31ರಂದು ಆರಿಜೋನಾದ ಗ್ಲೆಂಡೇಲ್‌ನಲ್ಲಿ ನಡೆದ ಫಿಯೆಸ್ಟಾ ಬೌಲ್ ಪಂದ್ಯದಲ್ಲಿ (ಬೌಲ್ ಎಂದರೆ ನಿಯಮಿತ ಋತು ಮುಗಿದ ಮೇಲೆ ನಡೆಯುವ ಹೆಚ್ಚುವರಿ ಪಂದ್ಯ) ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಪೆನ್ ಸ್ಟೇಟ್ ಎದುರು 14–31ರಿಂದ ಸೋತಿತು. ಸೋಲಿಗಿಂತ ಹೆಚ್ಚು ಚರ್ಚೆಯಾದದ್ದು ಒಬ್ಬ ಆಟಗಾರನ ಲೆಕ್ಕ. ಬಾಯ್ಸಿ ಸ್ಟೇಟ್‌ನ ರನ್ನಿಂಗ್ ಬ್ಯಾಕ್ ಆಷ್ಟನ್ ಜೆಂಟಿ ಆ ಋತುವಿನಲ್ಲಿ ಚೆಂಡು ಹಿಡಿದು ಓಡಿ ಗಳಿಸಿದ ಒಟ್ಟು ದೂರ 2,601 ಯಾರ್ಡ್. ಒಕ್ಲಹೋಮ ಸ್ಟೇಟ್‌ನ ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಮಾಡಿಟ್ಟ ದಾಖಲೆ 2,628. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಬರೀ 27 ಯಾರ್ಡ್ ಕಡಿಮೆ ಬಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಗೊಂದಲವಿರಲಿಲ್ಲ. ಮರುದಿನ ಕೆಲವರು ಕೊರತೆ 27 ಎಂದರು, ಕೆಲವರು 249 ಎಂದರು. ಹೀಗೆ ಹೇಳಿದ ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ದಾಖಲೆ ಪುಸ್ತಕದಲ್ಲಿ ಸ್ಯಾಂಡರ್ಸ್ ಓಡಿದ್ದು 2,628 ಯಾರ್ಡ್. ಮೈದಾನದಲ್ಲಿ ಅವರು ಓಡಿದ್ದು 2,850. ಮಧ್ಯದ 222 ಯಾರ್ಡ್ ಎಲ್ಲಿ ಹೋಯಿತು? ಈಗ ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಯಾರಾದರೂ ಒಬ್ಬ ಹುಡುಗ ಜೋರಾಗಿ ಓಟ ಶುರು ಮಾಡಿದ ಕೂಡಲೇ ಇದೇ ಪ್ರಶ್ನೆ ಮೇಲೆ ಬರುತ್ತದೆ.

ಯಾರ್ಡ್ ಎಂದರೆ ಏನು ಲೆಕ್ಕ

ಅಮೆರಿಕನ್ ಫುಟ್‌ಬಾಲ್ ನೋಡದವರಿಗಾಗಿ ಎರಡು ಮಾತು. ಮೈದಾನದ ಉದ್ದ 100 ಯಾರ್ಡ್, ಅಂದರೆ ಸುಮಾರು 91 ಮೀಟರ್. ಚೆಂಡು ಇರುವ ತಂಡಕ್ಕೆ ನಾಲ್ಕು ಯತ್ನ. ಅಷ್ಟರಲ್ಲಿ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಮುಂದೆ ಹೋಗಲು ದಾರಿ ಎರಡೇ. ಒಂದು, ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವುದು. ಇನ್ನೊಂದು, ಚೆಂಡನ್ನು ರನ್ನಿಂಗ್ ಬ್ಯಾಕ್ ಕೈಗಿಟ್ಟು ಓಡಿಸುವುದು. ಎದುರಿಗೆ ನೂರಿಪ್ಪತ್ತು, ನೂರಮೂವತ್ತು ಕೆ.ಜಿ. ತೂಗುವವರ ಸಾಲು, ತನ್ನ ಕಡೆಯ ದೈತ್ಯರು ತೆರೆದ ಸಂದಿಯಲ್ಲಿ ಆತ ನುಸುಳಬೇಕು. ಒಂದು ಓಟಕ್ಕೆ ಸರಾಸರಿ ಐದು ಯಾರ್ಡ್ ಗಳಿಸಿದವನನ್ನು ಒಳ್ಳೆಯ ಆಟಗಾರ ಎನ್ನುತ್ತಾರೆ. ಒಂದು ಪಂದ್ಯದಲ್ಲಿ 100 ಯಾರ್ಡ್ ದಾಟಿದರೆ ಮರುದಿನ ಪತ್ರಿಕೆಯಲ್ಲಿ ಹೆಸರು ಬರುತ್ತದೆ. ಋತುವಿಗೆ 1,000 ಯಾರ್ಡ್ ಆದರೆ ಗೌರವ. 2,000 ದಾಟಿದವರು ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮೊದಲು ಆ ಗಡಿ ದಾಟಿದವರು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಕಸ್ ಅಲೆನ್. 1981ರಲ್ಲಿ ಅವರದು 2,342.

ಹನ್ನೊಂದು ಪಂದ್ಯಗಳ ಆ ಋತು

ಒಕ್ಲಹೋಮ ಸ್ಟೇಟ್‌ನಲ್ಲಿ ಬ್ಯಾರಿ ಸ್ಯಾಂಡರ್ಸ್ ಎರಡು ವರ್ಷ ಮೀಸಲು ಆಟಗಾರ. ಅವರ ಮುಂದಿದ್ದವರು ಥರ್ಮನ್ ಥಾಮಸ್. ಮುಂದೆ ವೃತ್ತಿಪರ ಲೀಗ್‌ನಲ್ಲಿ ಅವರೂ ಮಹಾ ಆಟಗಾರರಾದರು. ಥಾಮಸ್ ಕಾಲೇಜು ಮುಗಿಸಿ ಹೋದ ಮೇಲೆ, 1988ರಲ್ಲಿ, ಸ್ಯಾಂಡರ್ಸ್‌ಗೆ ಜಾಗ ಸಿಕ್ಕಿತು. ಆಮೇಲೆ ನಡೆದದ್ದನ್ನು ಪಂದ್ಯವಾರು ನೋಡಿದರೇ ಅದರ ಗಾತ್ರ ತಿಳಿಯುವುದು: 178, 157, 304, 174, 189, 154, 320, 215, 312, 293, 332. ಒಟ್ಟು 2,628. ಹನ್ನೊಂದು ಪಂದ್ಯಗಳಲ್ಲಿ ನಾಲ್ಕು ಸಲ 300 ದಾಟಿದೆ. ಎಲ್ಲಕ್ಕಿಂತ ಕಡಿಮೆಯ ದಿನ 154. ಬೇರೆಯವರಿಗೆ ಅದು ಜೀವಮಾನದ ಪಂದ್ಯವಾಗಿರುತ್ತಿತ್ತು.

ಕೊನೆಯ 332 ಬಂದದ್ದು ಜಪಾನಿನ ಟೋಕಿಯೋದಲ್ಲಿ, ಟೆಕ್ಸಸ್ ಟೆಕ್ ವಿರುದ್ಧ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ತಮಗೆ ಬಂದಿದೆ ಎಂಬ ಸುದ್ದಿ ಅವರಿಗೆ ತಲುಪಿದ್ದೂ ಅಲ್ಲೇ, ಆ ಪಂದ್ಯಕ್ಕೆ ಮುಂಚೆ. ಅಂದರೆ ಮತ ಹಾಕಿದವರ ಮುಂದಿದ್ದದ್ದು 2,296 ಯಾರ್ಡ್ ಮಾತ್ರ. ಅಷ್ಟೇ ಸಾಕಾಗಿತ್ತು.

ಇದನ್ನು ದೇವರ ಕಥೆ ಮಾಡಿ ಹೇಳುವವರು ಒಂದು ಮಾತು ಬಿಟ್ಟುಬಿಡುತ್ತಾರೆ. ಆ 320 ಮತ್ತು 312 ಬಂದದ್ದು ಕ್ಯಾನ್ಸಸ್ ಸ್ಟೇಟ್ ಮತ್ತು ಕ್ಯಾನ್ಸಸ್ ತಂಡಗಳ ಮೇಲೆ. ಆ ವರ್ಷ ಕ್ಯಾನ್ಸಸ್ ಸ್ಟೇಟ್ ಆಡಿದ ಹನ್ನೊಂದೂ ಪಂದ್ಯ ಸೋತಿತ್ತು. ಕ್ಯಾನ್ಸಸ್ ಗೆದ್ದದ್ದು ಒಂದೇ. ಹಾಗೆಂದು ಸ್ಯಾಂಡರ್ಸ್ ಬಡಪಾಯಿಗಳ ಮೇಲಷ್ಟೇ ಓಡಿದರು ಎಂದರೂ ತಪ್ಪು. ಆಗ ದೇಶದ ಬಲಿಷ್ಠ ತಂಡಗಳಾಗಿದ್ದ ನೆಬ್ರಾಸ್ಕಾ ಮೇಲೆ 189, ಒಕ್ಲಹೋಮ ಮೇಲೆ 215 ಯಾರ್ಡ್ ಬಂದಿವೆ. ಎರಡೂ ಪಂದ್ಯ ಅವರ ತಂಡ ಸೋತಿತು. ಅದು ಬೇರೆ ಮಾತು.

ಡಿಸೆಂಬರ್ ಕೊನೆಯಲ್ಲಿ ಹಾಲಿಡೇ ಬೌಲ್ ಪಂದ್ಯ ನಡೆಯಿತು. ಎದುರಾಳಿ ವಯೋಮಿಂಗ್. ಸ್ಯಾಂಡರ್ಸ್ 222 ಯಾರ್ಡ್ ಓಡಿ ಐದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಗಳಿಸಿದರು. ತಂಡ 62–14ರಿಂದ ಗೆದ್ದಿತು. ದಾಖಲೆ ಪುಸ್ತಕಕ್ಕೆ ಅದರಲ್ಲಿ ಒಂದು ಯಾರ್ಡೂ ಸೇರಲಿಲ್ಲ.

ಬೌಲ್ ಪಂದ್ಯಗಳನ್ನು ಹೊರಗಿಟ್ಟದ್ದೇಕೆ

ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ. ಅದರ ಕಣ್ಣಿಗೆ ಬೌಲ್ ಪಂದ್ಯಗಳು ಬಹಳ ಕಾಲ ಉಡುಗೊರೆಯ ಆಟವಾಗಿದ್ದವು. ಸಂಘಟಕರು ಆಮಂತ್ರಿಸುತ್ತಾರೆ, ಕರೆ ಬಂದ ತಂಡ ಹೋಗುತ್ತದೆ, ಪ್ರವಾಸಿ ಊರಿನಲ್ಲಿ ಹೊಸ ವರ್ಷದ ಹೊತ್ತಿಗೆ ಒಂದು ಪಂದ್ಯ ಆಡಿ ಬರುತ್ತದೆ. ಕರೆ ಎಲ್ಲರಿಗೂ ಬರುವುದಿಲ್ಲ. ಕರೆ ಬಂದವನಿಗೆ ಒಂದು ಪಂದ್ಯ ಹೆಚ್ಚು, ಬಾರದವನಿಗೆ ಕಡಿಮೆ. ಹಾಗಿರುವಾಗ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ವಾದ. ಅದರಲ್ಲಿ ನ್ಯಾಯವಿತ್ತು. ಅಂಕಿಅಂಶಗಳ ಪಟ್ಟಿಯೂ ನಿಯಮಿತ ಋತು ಮುಗಿದ ಕೂಡಲೇ ಮುಚ್ಚುತ್ತಿತ್ತು.

ಆಮೇಲೆ ಕಾಲ ಬದಲಾಯಿತು. ಬೌಲ್ ಪಂದ್ಯಗಳು ಹೆಚ್ಚಿದವು, ಟಿವಿ ಹಣ ಬಂತು, ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನವಾಗುವುದೇ ಬೌಲ್‌ಗಳಲ್ಲಿ ಎಂಬ ಸ್ಥಿತಿ ಬಂತು. ಋತುವಿನ ಅತಿ ಮುಖ್ಯ ಪಂದ್ಯವನ್ನೇ ಲೆಕ್ಕಕ್ಕೆ ಹಿಡಿಯದಿರುವುದು ವಿಚಿತ್ರವಾಗಿ ಕಾಣತೊಡಗಿತು. 2002ರಿಂದ ಎನ್‌ಸಿಎಎ ಬೌಲ್ ಪಂದ್ಯಗಳ ಅಂಕಿಗಳನ್ನೂ ಸೇರಿಸತೊಡಗಿತು. ಹಿಂದಿನ ವರ್ಷಗಳಿಗೆ ಮಾತ್ರ ಹೊಸ ನಿಯಮ ಅನ್ವಯಿಸಲಿಲ್ಲ. ಜಗಳದ ಬೇರು ಇಲ್ಲಿದೆ. ನಿಯಮ ಬದಲಿಸಿದ್ದರಲ್ಲಿ ತಪ್ಪಿಲ್ಲ. ಗೆರೆಯ ಆಚೆಗೂ ಈಚೆಗೂ ಇರುವವರನ್ನು ಒಂದೇ ಪಟ್ಟಿಯಲ್ಲಿ, ಒಂದೇ ಕಾಲಮ್ಮಿನಲ್ಲಿ ಕೂರಿಸಿದರಲ್ಲ, ಎಡವಟ್ಟಾದದ್ದು ಅಲ್ಲಿ.

ಕ್ರಿಕೆಟ್ ಬಲ್ಲವರಿಗೆ ಹೀಗೆ ಹೇಳಬಹುದು. ರಣಜಿ ಟ್ರೋಫಿಯ ಒಂದು ಋತುವಿನ ಅತಿ ಹೆಚ್ಚು ರನ್ ಇರುವುದು ವಿ.ವಿ.ಎಸ್. ಲಕ್ಷ್ಮಣ್ ಹೆಸರಿನಲ್ಲಿ, 1999–2000ರಲ್ಲಿ 1,415. ಅದರಲ್ಲಿ 353 ಬಂದದ್ದು ಬೆಂಗಳೂರಿನಲ್ಲಿ, ಕರ್ನಾಟಕದ ವಿರುದ್ಧದ ಸೆಮಿಫೈನಲ್‌ನಲ್ಲಿ. ನಾಕೌಟ್ ಪಂದ್ಯ ಲೆಕ್ಕಕ್ಕಿಲ್ಲ ಎಂದು ಬಿಸಿಸಿಐ ಹೇಳಿದ್ದರೆ ಆ ಒಂದು ಇನಿಂಗ್ಸ್‌ಗೇ 1,415 ಇಳಿದು 1,062 ಆಗುತ್ತಿತ್ತು. ಆ ಮೇಲೆ ಬಂದವರಿಗೆ ಮಾತ್ರ ನಾಕೌಟ್ ರನ್ ಸೇರಿಸುತ್ತೇವೆ ಎಂದಿದ್ದರೆ ಹೈದರಾಬಾದಿನವರು ಸುಮ್ಮನಿರುತ್ತಿದ್ದರೇ? ಸ್ಯಾಂಡರ್ಸ್ ಅಭಿಮಾನಿಗಳ ತಕರಾರು ಇಷ್ಟೇ.

ಜೆಂಟಿಯ 344ನೆಯ ಓಟ

ಹಾಗಾದರೆ ಜೆಂಟಿಯ 2,601 ಉಬ್ಬಿಸಿದ ಅಂಕಿಯೇ? ಅಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಜೆಂಟಿ ಋತು ಶುರು ಮಾಡಿದ್ದು ಜಾರ್ಜಿಯಾ ಸದರ್ನ್ ಮೇಲೆ 267 ಯಾರ್ಡ್, ಆರು ಟಚ್‌ಡೌನ್‌ನಿಂದ. ಮುಂದಿನ ವಾರ ಒರೆಗನ್ ಮೇಲೆ 192. ಒರೆಗನ್ ಆ ವರ್ಷ ನಿಯಮಿತ ಋತುವಿನಲ್ಲಿ ಒಂದೂ ಪಂದ್ಯ ಸೋಲದ ತಂಡ. ಬಾಯ್ಸಿ ಸ್ಟೇಟನ್ನು 37–34ರಿಂದ, ಅದೂ ಕೊನೆಯ ಕ್ಷಣದಲ್ಲಿ ಚೆಂಡು ಒದ್ದು ಗಳಿಸಿದ ಫೀಲ್ಡ್ ಗೋಲ್‌ನಿಂದ ಗೆದ್ದಿತ್ತು. ಮೊದಲ ನಾಲ್ಕು ಪಂದ್ಯಗಳಲ್ಲಿ 82 ಓಟ, 845 ಯಾರ್ಡ್. ಓಟವೊಂದಕ್ಕೆ 10ಕ್ಕಿಂತ ಹೆಚ್ಚು. ಪೋರ್ಟ್‌ಲ್ಯಾಂಡ್ ಸ್ಟೇಟ್ ಮತ್ತು ಯೂಟಾ ಸ್ಟೇಟ್ ಪಂದ್ಯಗಳಲ್ಲಿ ತಂಡ ಬಹಳ ಮುಂದಿತ್ತು, ಹಾಗಾಗಿ ದ್ವಿತೀಯಾರ್ಧದಲ್ಲಿ ಅವರನ್ನು ಆಡಿಸಲೇ ಇಲ್ಲ. ಆ ಎರಡು ಅರ್ಧಗಳಲ್ಲಿ ಆಡಿದ್ದರೆ 27 ಯಾರ್ಡ್ ಏನು ದೊಡ್ಡದು ಎಂದು ಅವರ ಅಭಿಮಾನಿಗಳು ಕೇಳುವುದು ಸಹಜ. ಸ್ಯಾಂಡರ್ಸ್ ಕಡೆಯವರಿಗೂ 222 ಇದೆಯಲ್ಲ, ಹೀಗಾಗಿ ಈ ‘ಆಗಿದ್ದರೆ, ಹೋಗಿದ್ದರೆ’ ಲೆಕ್ಕ ಎರಡೂ ಕಡೆ ನಡೆಯುತ್ತದೆ.

ಅಕ್ಟೋಬರ್ ನಂತರ ಎದುರಾಳಿಗಳು ಇವರೊಬ್ಬರನ್ನೇ ಹಿಡಿಯಲು ಜನ ನಿಲ್ಲಿಸತೊಡಗಿದರು. ಯುಎನ್‌ಎಲ್‌ವಿ ಎದುರು 33 ಓಟಕ್ಕೆ 128, ಸ್ಯಾನ್ ಡಿಯೇಗೊ ಸ್ಟೇಟ್ ಎದುರು 31ಕ್ಕೆ 149. ಸರಾಸರಿ ಇಳಿಯಿತು, ಓಟದ ಸಂಖ್ಯೆ ಏರಿತು. ಆದರೂ 12 ಪಂದ್ಯಗಳಿಗೆ 2,288, ಕಾನ್ಫರೆನ್ಸ್ (ತಂಡಗಳ ಗುಂಪು) ಫೈನಲ್ ಸೇರಿ 2,497.

ಇಲ್ಲಿ ಕಾಕತಾಳೀಯವೊಂದಿದೆ. ಕಾನ್ಫರೆನ್ಸ್ ಫೈನಲ್ ಮುಗಿದಾಗ ಜೆಂಟಿ ಓಡಿದ್ದು ಸರಿಯಾಗಿ 344 ಸಲ. ಸ್ಯಾಂಡರ್ಸ್ 1988ರ ಆ ಹನ್ನೊಂದು ಪಂದ್ಯಗಳಲ್ಲಿ ಓಡಿದ್ದೂ 344 ಸಲ. ಒಂದೇ ಸಂಖ್ಯೆಯ ಓಟ. ಒಬ್ಬರಿಗೆ 2,628, ಇನ್ನೊಬ್ಬರಿಗೆ 2,497. ಬೌಲ್ ಸೇರಬೇಕೇ, ಬೇಡವೇ ಎಂಬ ಗಲಾಟೆಯನ್ನು ಪಕ್ಕಕ್ಕಿಟ್ಟು, ಪಂದ್ಯಗಳ ಸಂಖ್ಯೆಯನ್ನೂ ಮರೆತು, ಚೆಂಡು ಕೈಗೆ ಬಂದ ಸಲವನ್ನಷ್ಟೇ ಎಣಿಸಿದರೆ ಇಬ್ಬರ ನಡುವಿನ ಅಂತರ 131 ಯಾರ್ಡ್. ನನ್ನ ಮಟ್ಟಿಗೆ ಈ ಇಬ್ಬರನ್ನು ಹೋಲಿಸಲು ಇದಕ್ಕಿಂತ ನ್ಯಾಯವಾದ ಅಳತೆ ಸಿಗುವುದು ಕಷ್ಟ. ಸ್ಯಾಂಡರ್ಸ್ ಮುಂದಿದ್ದಾರೆ, ಆದರೆ ಜೆಂಟಿ ಬಹಳ ಹಿಂದೇನೂ ಇಲ್ಲ.

ಫಿಯೆಸ್ಟಾ ಬೌಲ್‌ನಲ್ಲಿ ಸರಿಗಟ್ಟಲು ಬೇಕಿದ್ದದ್ದೂ ಅದೇ 131. ಪೆನ್ ಸ್ಟೇಟ್ 30 ಓಟಗಳಲ್ಲಿ ಬಿಟ್ಟುಕೊಟ್ಟದ್ದು 104. ಇದೇ ಫಿಯೆಸ್ಟಾ ಬೌಲ್‌ನಲ್ಲಿ, ಇದೇ ಪೆನ್ ಸ್ಟೇಟ್, 1982ರ ಜನವರಿ 1ರಂದು ಮಾರ್ಕಸ್ ಅಲೆನ್‌ರನ್ನು 85 ಯಾರ್ಡ್‌ಗೆ ಕಟ್ಟಿಹಾಕಿತ್ತು. ಆ 85 ಪುಸ್ತಕದಲ್ಲಿಲ್ಲ, ಈ 104 ಇದೆ.

ಪಟ್ಟಿ ಹೇಗೆ ತಿರುಗುತ್ತದೆ

ನಿಯಮ ಒಂದು ಪಂದ್ಯದ್ದು, ಪರಿಣಾಮ ಮಾತ್ರ ಇಡೀ ಪಟ್ಟಿಯ ಮೇಲೆ. ಈಗಿನ ಅಧಿಕೃತ ಪಟ್ಟಿಯಲ್ಲಿ ಸ್ಯಾಂಡರ್ಸ್ 2,628, ಜೆಂಟಿ 2,601, ವಿಸ್ಕಾನ್ಸಿನ್‌ನ ಮೆಲ್ವಿನ್ ಗಾರ್ಡನ್ 2,587 (2014), ಸೆಂಟ್ರಲ್ ಫ್ಲೋರಿಡಾದ ಕೆವಿನ್ ಸ್ಮಿತ್ 2,567 (2007), ಆಮೇಲೆ ಅಲೆನ್ 2,342. ನಡುವಿನ ಮೂವರೂ ಆಡಿದ್ದು ತಲಾ 14 ಪಂದ್ಯ. ಮೂವರೂ 34 ಯಾರ್ಡ್‌ಗಳ ಒಳಗೇ ಒಬ್ಬರ ಹಿಂದೊಬ್ಬರು ನಿಂತಿದ್ದಾರೆ.

ಎಲ್ಲರ ಬೌಲ್ ಪಂದ್ಯಗಳನ್ನೂ ತೆಗೆದುಹಾಕಿದರೆ? ಸ್ಯಾಂಡರ್ಸ್ 2,628, ಜೆಂಟಿ 2,497, ಸ್ಮಿತ್ 2,448, ಅಲೆನ್ 2,342, ಗಾರ್ಡನ್ 2,336. ಗಾರ್ಡನ್ ಔಟ್‌ಬ್ಯಾಕ್ ಬೌಲ್‌ನಲ್ಲಿ ಆಬರ್ನ್ ಮೇಲೆ ಓಡಿದ 251 ಯಾರ್ಡ್ ಹೋಗುತ್ತದೆ. 1981ರ ಅಲೆನ್ ಆರು ಯಾರ್ಡ್‌ಗಳಿಂದ ಅವರ ಮುಂದೆ ಬರುತ್ತಾರೆ. ಎಲ್ಲರದ್ದೂ ಸೇರಿಸಿದರೆ ಸ್ಯಾಂಡರ್ಸ್ 2,850ಕ್ಕೆ ಹೋಗಿ, ಉಳಿದವರಿಗೆ ಕಣ್ಣಿಗೂ ಕಾಣದಷ್ಟು ದೂರವಾಗುತ್ತಾರೆ. ಮೂರು ಲೆಕ್ಕದಲ್ಲೂ ಮೊದಲ ಹೆಸರು ಒಂದೇ. ಹಾಗಾಗಿಯೇ ಎನ್‌ಸಿಎಎ ಇದುವರೆಗೆ ಬಚಾವಾಗಿದೆ. ಜೆಂಟಿ ಆ ದಿನ 132 ಓಡಿದ್ದರೆ, 2,850 ಓಡಿದವರನ್ನು 2,629 ಓಡಿದವರು ಹಿಂದಿಕ್ಕಿದರು ಎಂದು ಪುಸ್ತಕದಲ್ಲಿ ಅಚ್ಚಾಗುತ್ತಿತ್ತು.

ಟಚ್‌ಡೌನ್ ದಾಖಲೆಯಲ್ಲಿ ಅರ್ಧ ಹೀಗೇ ಆಗಿದೆ. 1988ರ ಸ್ಯಾಂಡರ್ಸ್ ಅಧಿಕೃತವಾಗಿ 39 ಟಚ್‌ಡೌನ್ ಗಳಿಸಿದರು. 2011ರಲ್ಲಿ ವಿಸ್ಕಾನ್ಸಿನ್‌ನ ಮಾಂಟಿ ಬಾಲ್ ಅದನ್ನು ಸರಿಗಟ್ಟಿದರು. ಮೂವತ್ತೊಂಬತ್ತನೆಯದು ಬಂದದ್ದು ರೋಸ್ ಬೌಲ್‌ನಲ್ಲಿ. ಸ್ಯಾಂಡರ್ಸ್‌ಗೆ ಅವರ ಬೌಲ್‌ನ ಐದನ್ನೂ ಕೊಟ್ಟರೆ 44. ಪುಸ್ತಕದ ಪ್ರಕಾರ ಇಬ್ಬರೂ ಸಮ.

ನಿಜವಾಗಿ ನಷ್ಟವಾದದ್ದು ರಾನ್ ಡೇನ್‌ಗೆ

ಸ್ಯಾಂಡರ್ಸ್ ದಾಖಲೆ ಇನ್ನೂ ಉಳಿದಿದೆ, ಅವರ ಬಗ್ಗೆ ಅಷ್ಟು ಕಣ್ಣೀರು ಬೇಕಿಲ್ಲ. ಈ ನಿಯಮ ನಿಜಕ್ಕೂ ಕೈಕೊಟ್ಟದ್ದು ಬೇರೊಬ್ಬರಿಗೆ, ಅದು ಈ ಚರ್ಚೆಯಲ್ಲಿ ಬರುವುದೇ ಕಡಿಮೆ.

ವಿಸ್ಕಾನ್ಸಿನ್‌ನ ರಾನ್ ಡೇನ್ 1996ರಿಂದ 1999ರವರೆಗೆ ನಾಲ್ಕು ಋತು ಆಡಿದರು. ಪಿಟ್ಸ್‌ಬರ್ಗ್‌ನ ಟೋನಿ ಡಾರ್ಸೆಟ್ 1976ರಲ್ಲಿ ಇಟ್ಟಿದ್ದ 6,082 ಯಾರ್ಡ್‌ಗಳ ಕಾಲೇಜು ಜೀವನದ ದಾಖಲೆಯನ್ನು 1998ರಲ್ಲಿ ಟೆಕ್ಸಸ್‌ನ ರಿಕಿ ವಿಲಿಯಮ್ಸ್ 6,279ಕ್ಕೆ ಏರಿಸಿದ್ದರು. ಮರುವರ್ಷವೇ ಡೇನ್ ಅದನ್ನು 6,397 ಮಾಡಿದರು, ಹೈಸ್ಮನ್ ಕೂಡ ಗೆದ್ದರು. ನಾಲ್ಕು ಬೌಲ್ ಪಂದ್ಯಗಳಲ್ಲಿ ಅವರು ಓಡಿದ್ದು 246, 36, 246, 200. ಒಟ್ಟು 728. ಎಲ್ಲ ಸೇರಿದರೆ 7,125.

2016ರ ಡಿಸೆಂಬರ್‌ನಲ್ಲಿ ಸ್ಯಾನ್ ಡಿಯೇಗೊ ಸ್ಟೇಟ್‌ನ ಡಾನೆಲ್ ಪಂಫ್ರಿ ಲಾಸ್ ವೇಗಸ್ ಬೌಲ್‌ನಲ್ಲಿ 115 ಯಾರ್ಡ್ ಓಡಿ 6,405 ತಲುಪಿದರು. ಎಂಟು ಯಾರ್ಡ್ ಮುಂದೆ. ಅಧಿಕೃತ ದಾಖಲೆ ಅವರದಾಯಿತು. ಅಂದರೆ ಬೌಲ್ ಪಂದ್ಯದಲ್ಲಿ ಗಳಿಸಿದ ಯಾರ್ಡ್‌ಗಳಿಂದಲೇ, ಬೌಲ್ ಯಾರ್ಡ್‌ಗಳನ್ನು ಕಳೆದುಕೊಂಡವರ ದಾಖಲೆ ಮುರಿಯಿತು. ಪಂಫ್ರಿಯ ತಪ್ಪು ಇದರಲ್ಲಿ ಏನೂ ಇಲ್ಲ. ಎದುರಿಗಿಟ್ಟ ಅಂಕಿಯನ್ನು ಅವರು ದಾಟಿದರು. ಆದರೆ ಡೇನ್ ಎರಡು ರೋಸ್ ಬೌಲ್‌ಗಳಲ್ಲಿ, ಕೋಟಿ ಜನ ಟಿವಿಯಲ್ಲಿ ನೋಡುತ್ತಿದ್ದಾಗ ಓಡಿದ 446 ಯಾರ್ಡ್ ಅಭ್ಯಾಸ ಪಂದ್ಯದ ಓಟಕ್ಕೆ ಸಮ ಎನ್ನುವುದನ್ನು ಒಪ್ಪುವುದು ಕಷ್ಟ.

ವಾದಗಳು

ಎನ್‌ಸಿಎಎ ಪರವಾಗಿರುವವರು ಹೇಳುವುದು ಹೀಗೆ: ದಾಖಲೆ ಎಂದರೆ ಆಯಾ ಕಾಲದ ನಿಯಮದ ಪ್ರಕಾರ ಬರೆದದ್ದು. ಅಧಿಕೃತ ಅಂಕಿಅಂಶ 1937ರಿಂದ ಇದೆ. ಸ್ಯಾಂಡರ್ಸ್, ಡೇನ್ ಇಬ್ಬರನ್ನಷ್ಟೇ ಸರಿಪಡಿಸಿ ಉಳಿದವರನ್ನು ಬಿಡಲಾಗದು. ಎಲ್ಲರದ್ದೂ ತಿದ್ದಲು ಹೊರಟರೆ ಪ್ರತಿ ವರ್ಷದ ಅಗ್ರಸ್ಥಾನಿಯ ಪಟ್ಟಿಯೇ ಅಲುಗಾಡುತ್ತದೆ. ನಲವತ್ತು ವರ್ಷದ ಹಿಂದೆ ದೇಶಕ್ಕೆ ಮೊದಲಿಗ ಎನಿಸಿಕೊಂಡವನೊಬ್ಬ ಬೆಳಗಾಗುವುದರೊಳಗೆ ಎರಡನೆಯವನಾಗಬಹುದು. ಈ ಭಯ ಸುಳ್ಳಲ್ಲ.

ಎದುರು ಪಕ್ಷದವರು ಕೇಳುವುದು, ಆಡಿದ್ದನ್ನು ಆಡಿಲ್ಲ ಎನ್ನುವುದು ಹೇಗೆ? ಬೌಲ್ ಪಂದ್ಯಗಳ ಸ್ಕೋರ್ ಪಟ್ಟಿಗಳು ಇವೆ, ಪತ್ರಿಕೆಗಳಲ್ಲಿ ಅಚ್ಚಾಗಿವೆ. ಅಲೆನ್ 85, ಡೇನ್ 728 ಎಂದು ಎಲ್ಲರಿಗೂ ಗೊತ್ತಿರುವುದು ಅದರಿಂದಲೇ.

ಮೂರನೆಯವರು ಪಂದ್ಯದ ಸರಾಸರಿ ನೋಡಿ ಎನ್ನುತ್ತಾರೆ. ಸ್ಯಾಂಡರ್ಸ್ 238.9, ಜೆಂಟಿ 185.8, ಗಾರ್ಡನ್ 184.8, ಸ್ಮಿತ್ 183.4. ಕೇಳಲು ಚೆನ್ನ, ಆದರೆ ಇದರಲ್ಲೂ ಒಂದು ಕೊಕ್ಕೆ ಇದೆ. ಹೆಚ್ಚುವರಿ ಪಂದ್ಯಗಳು ಸಿಗುವುದು ಗೆಲ್ಲುವ ತಂಡಕ್ಕೆ, ಅವು ಬರುವುದು ಬಲಿಷ್ಠ ಎದುರಾಳಿಗಳ ಮೇಲೆ. ಸರಾಸರಿಯನ್ನೇ ಅಳತೆಗೋಲು ಮಾಡಿದರೆ ಪೆನ್ ಸ್ಟೇಟ್ ಎದುರು ಆಡಿದ್ದಕ್ಕೆ ಜೆಂಟಿಗೆ ದಂಡ ಹಾಕಿದಂತೆ. ಬೌಲ್‌ಗೆ ಹೋಗದೆ ಮನೆಯಲ್ಲಿ ಕೂತಿದ್ದರೆ ಅವರ ಸರಾಸರಿ 192 ಇರುತ್ತಿತ್ತು.

ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಇದನ್ನು ಬೇರೆಯೇ ರೀತಿ ಬಗೆಹರಿಸಿಕೊಂಡಿದೆ. ಅಲ್ಲಿ ನಿಯಮಿತ ಋತುವಿನ ದಾಖಲೆ ಒಂದು, ಪ್ಲೇಆಫ್‌ನದ್ದು ಇನ್ನೊಂದು. ಜೆಂಟಿ ಎಡವಿದ ಐದೇ ದಿನಕ್ಕೆ, 2025ರ ಜನವರಿ 5ರಂದು, ಫಿಲಡೆಲ್ಫಿಯಾದ ಸೇಕ್ವಾನ್ ಬಾರ್ಕ್ಲಿ ಕೊನೆಯ ಲೀಗ್ ಪಂದ್ಯ ಆಡದೆ ಕೂತರು. 2,005 ಯಾರ್ಡ್ ಆಗಿತ್ತು. ಎರಿಕ್ ಡಿಕರ್ಸನ್ 1984ರಲ್ಲಿ ಮಾಡಿದ 2,105 ಮುರಿಯಲು 101 ಬೇಕಿತ್ತು. ಪ್ಲೇಆಫ್ ಲೆಕ್ಕ ಬೇರೆಯಾದ್ದರಿಂದ ತಂಡ ದಾಖಲೆ ಮತ್ತು ಪ್ರಶಸ್ತಿಯ ನಡುವೆ ಒಂದನ್ನು ಆರಿಸಬೇಕಾಯಿತು. ಪ್ರಶಸ್ತಿ ಆರಿಸಿತು, ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು. ಪ್ಲೇಆಫ್ ಸೇರಿಸಿದಾಗ ಬಾರ್ಕ್ಲಿಯ ಒಟ್ಟು 2,504. ಆ ಕಾಲಮ್ಮಿನ ದಾಖಲೆ ಅವರದೇ. ಡಿಕರ್ಸನ್‌ಗೂ ಅನ್ಯಾಯವಾಗಲಿಲ್ಲ, ಬಾರ್ಕ್ಲಿಗೂ ಆಗಲಿಲ್ಲ.

ಕಾಲೇಜು ಆಟದಲ್ಲೂ ಹೀಗೆ ಎರಡು ಕಾಲಮ್ ಮಾಡಲು ಯಾವ ಅಡ್ಡಿಯೂ ನನಗೆ ಕಾಣುತ್ತಿಲ್ಲ. ನಿಯಮಿತ ಋತು ಮತ್ತು ಕಾನ್ಫರೆನ್ಸ್ ಫೈನಲ್ ಒಂದರಲ್ಲಿ, ಎಲ್ಲ ಸೇರಿದ್ದು ಇನ್ನೊಂದರಲ್ಲಿ. ಯಾರ ಹಳೆಯ ಬಿರುದನ್ನೂ ಕಸಿಯಬೇಕಿಲ್ಲ.

ಹೈಸ್ಮನ್ ಕೈತಪ್ಪಿದ್ದೇಕೆ

ಜೆಂಟಿ ಕುರಿತ ಇನ್ನೊಂದು ಗೊಂದಲ ಪ್ರಶಸ್ತಿಯದು. 2,600 ಯಾರ್ಡ್ ಓಡಿದವರಿಗೆ ಹೈಸ್ಮನ್ ಏಕಿಲ್ಲ? ಮೊದಲನೆಯದಾಗಿ, ಮತ ಬೀಳುವುದು ಬೌಲ್‌ಗಿಂತ ಮುಂಚೆ. ಎರಡನೆಯದಾಗಿ, ಎದುರಿಗಿದ್ದವರು ಸಾಮಾನ್ಯರಲ್ಲ. ಕೊಲರಾಡೊದ ಟ್ರಾವಿಸ್ ಹಂಟರ್ ದಾಳಿಯಲ್ಲಿ ರಿಸೀವರ್ (ಎಸೆದ ಚೆಂಡು ಹಿಡಿಯುವವರು), ರಕ್ಷಣೆಯಲ್ಲಿ ಕಾರ್ನರ್‌ಬ್ಯಾಕ್ (ಅದನ್ನು ಹಿಡಿಯದಂತೆ ತಡೆಯುವವರು). ಪಂದ್ಯದುದ್ದಕ್ಕೂ ಎರಡೂ ಕಡೆ ಆಡುವುದನ್ನು ಈ ಕಾಲದಲ್ಲಿ ಯಾರೂ ಆ ಮಟ್ಟದಲ್ಲಿ ಮಾಡಿರಲಿಲ್ಲ. ಹಂಟರ್‌ಗೆ 2,231 ಅಂಕ, ಜೆಂಟಿಗೆ 2,017. ಮೊದಲ ಆಯ್ಕೆಯ ಮತಗಳು 552 ಮತ್ತು 309. 2009ರ ನಂತರ ಇಷ್ಟು ಹತ್ತಿರದ ಪೈಪೋಟಿ ಇದೇ. 2009ರಲ್ಲಿ ಅಲಬಾಮಾದ ಮಾರ್ಕ್ ಇಂಗ್ರಾಮ್ ಬರೀ 28 ಅಂಕಗಳಿಂದ ಗೆದ್ದಿದ್ದರು.

ಮೂರನೆಯ ಕಾರಣ ಆಟದ ಸ್ವರೂಪವೇ ಬದಲಾಗಿರುವುದು. 1973ರಿಂದ 1983ರವರೆಗೆ ಸತತ ಹನ್ನೊಂದು ವರ್ಷ ಹೈಸ್ಮನ್ ಹೋದದ್ದು ರನ್ನಿಂಗ್ ಬ್ಯಾಕ್‌ಗಳಿಗೆ. ಓಹಾಯೊ ಸ್ಟೇಟ್‌ನ ಆರ್ಚಿ ಗ್ರಿಫಿನ್ ಒಬ್ಬರೇ ಎರಡು ಸಲ ಗೆದ್ದರು. 2000ದಿಂದ ಈಚೆಗೆ ಗೆದ್ದ ರನ್ನಿಂಗ್ ಬ್ಯಾಕ್‌ಗಳು ಮೂವರು: 2005ರಲ್ಲಿ ರೆಜಿ ಬುಷ್, 2009ರಲ್ಲಿ ಇಂಗ್ರಾಮ್, 2015ರಲ್ಲಿ ಡೆರಿಕ್ ಹೆನ್ರಿ. ಉಳಿದದ್ದರಲ್ಲಿ ಬಹುಪಾಲು ಕ್ವಾರ್ಟರ್‌ಬ್ಯಾಕ್‌ಗಳ ಪಾಲು. ಚೆಂಡು ಎಸೆಯುವ ಆಟಕ್ಕೆ ಬೆಲೆ ಏರಿದಂತೆ ಓಡುವವರ ಬೆಲೆ ಇಳಿಯಿತು. ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, 2024ರ ಮೊದಲ ಸುತ್ತಿನಲ್ಲಿ ಒಬ್ಬನೇ ಒಬ್ಬ ರನ್ನಿಂಗ್ ಬ್ಯಾಕ್‌ನನ್ನೂ ಯಾರೂ ಆರಿಸಲಿಲ್ಲ. ಮರುವರ್ಷ ಲಾಸ್ ವೇಗಸ್ ರೈಡರ್ಸ್ ಜೆಂಟಿಯನ್ನು ಆರನೆಯ ಆಯ್ಕೆಯಾಗಿ ಕರೆದುಕೊಂಡಿತು. ಟ್ರೋಫಿ ತಪ್ಪಿದರೂ ಮಾರುಕಟ್ಟೆ ಕೈಬಿಡಲಿಲ್ಲ.

ಮುಂದೆ ಈ ದಾಖಲೆ ಉಳಿಯುವುದೇ

2024ರಿಂದ ಕಾಲೇಜು ಆಟದ ಪ್ಲೇಆಫ್‌ಗೆ 12 ತಂಡ. ಅದನ್ನು ಇನ್ನೂ ಹಿಗ್ಗಿಸುವ ಮಾತುಕತೆಯೂ ನಡೆದಿದೆ. 12 ಲೀಗ್ ಪಂದ್ಯ, ಕಾನ್ಫರೆನ್ಸ್ ಫೈನಲ್, ಮೊದಲ ಸುತ್ತಿನಿಂದ ಪ್ರಶಸ್ತಿಯವರೆಗೆ ನಾಲ್ಕು. ಈಗಲೇ ಒಂದು ತಂಡ ಗರಿಷ್ಠ 17 ಪಂದ್ಯ ಆಡಬಹುದು. 16 ಪಂದ್ಯ ಸಿಕ್ಕವನು ಪಂದ್ಯಕ್ಕೆ 164.3 ಯಾರ್ಡ್ ಓಡಿದರೆ ಸ್ಯಾಂಡರ್ಸ್ ಹಿಂದೆ ಬೀಳುತ್ತಾರೆ. 17 ಸಿಕ್ಕರೆ 154.6 ಸಾಕು. ಸ್ಯಾಂಡರ್ಸ್ ತಮ್ಮ ಅತಿ ಕಳಪೆ ಪಂದ್ಯವನ್ನೇ 17 ಸಲ ಆಡಿದ್ದರೆ 2,618 ಆಗುತ್ತಿತ್ತು.

ಕಾಗದದ ಮೇಲೆ ದಾಖಲೆಯ ಆಯುಸ್ಸು ಮುಗಿದಂತೆ ಕಾಣುತ್ತದೆ. ಮೈದಾನದಲ್ಲಿ ಅಷ್ಟು ಸುಲಭವಿಲ್ಲ. ಅಷ್ಟು ದೂರ ಹೋಗುವ ತಂಡಗಳು ಒಬ್ಬನ ಬೆನ್ನ ಮೇಲೆ ಹೋಗುವುದಿಲ್ಲ. 2024ರಲ್ಲಿ ಚಾಂಪಿಯನ್ ಆದ ಓಹಾಯೊ ಸ್ಟೇಟ್ ಆಡಿದ್ದು 16 ಪಂದ್ಯ. ಕ್ವಿನ್‌ಶಾನ್ ಜಡ್ಕಿನ್ಸ್ ಮತ್ತು ಟ್ರೆವೆಯಾನ್ ಹೆಂಡರ್ಸನ್ ಓಟವನ್ನು ಹಂಚಿಕೊಂಡರು, ಇಬ್ಬರೂ ಸಾವಿರ ದಾಟಿದರು. ಜೆಂಟಿಯನ್ನು ತಡೆದ ಪೆನ್ ಸ್ಟೇಟ್‌ದೂ 16 ಪಂದ್ಯ. ಅಲ್ಲಿ ಕೇಟ್ರಾನ್ ಅಲೆನ್ ಮತ್ತು ನಿಕೋಲಸ್ ಸಿಂಗಲ್‌ಟನ್, ಅವರೂ ತಲಾ ಸಾವಿರ ಚಿಲ್ಲರೆ. ಎರಡೂ ಜೋಡಿಗಳಲ್ಲಿ ಇಬ್ಬರದೂ ಕೂಡಿಸಿದರೂ 2,628 ಆಗುವುದಿಲ್ಲ. ದೊಡ್ಡ ತಂಡಗಳ ತರಬೇತುದಾರರಿಗೆ ಜನವರಿಯಲ್ಲೂ ಕಾಲು ಗಟ್ಟಿಯಿರುವ ಆಟಗಾರರು ಬೇಕು, ಹಾಗಾಗಿ ಹಂಚುತ್ತಾರೆ. ಪಂದ್ಯ ಹೆಚ್ಚಾದಷ್ಟೂ ಒಬ್ಬನಿಗೆ ಸಿಗುವ ಪಾಲು ಕಡಿಮೆಯಾಗುತ್ತಿದೆ.

ಹಣದ ಮಾತೂ ಇದೆ. ಈಗ ಆಟಗಾರರು ಪ್ರತಿ ವರ್ಷ ವಿಶ್ವವಿದ್ಯಾಲಯ ಬದಲಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದಂತೆ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಸಣ್ಣ ಕಾನ್ಫರೆನ್ಸ್‌ನಲ್ಲಿ ಮಿಂಚಿದ ಹುಡುಗ ಮರುವರ್ಷ ದೊಡ್ಡ ತಂಡದಲ್ಲಿರುತ್ತಾನೆ, ಅಲ್ಲಿ ಅವನಿಗೆ ಅರ್ಧ ಓಟವಷ್ಟೇ. ಜೆಂಟಿ ಬಾಯ್ಸಿಯಲ್ಲೇ ಉಳಿದದ್ದರಿಂದ 374 ಸಲ ಚೆಂಡು ಸಿಕ್ಕಿತು. ಹಾಗೆ ಉಳಿಯುವವರು ಕಡಿಮೆಯಾಗುತ್ತಿದ್ದಾರೆ. ಇನ್ನು ಪ್ಲೇಆಫ್‌ಗೆ ಸೇರದ ಬೌಲ್ ಪಂದ್ಯಗಳದ್ದು ಬೇರೆ ಕಥೆ. 2016ರಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿ ಮತ್ತು ಲೆನರ್ಡ್ ಫೋರ್ನೆಟ್ ಗಾಯದ ಅಪಾಯ ಬೇಡವೆಂದು ತಮ್ಮ ಬೌಲ್ ಪಂದ್ಯ ಬಿಟ್ಟರು. ಡ್ರಾಫ್ಟ್ ಮೇಲೆ ಕಣ್ಣಿಟ್ಟವರು ಹಾಗೆ ಮಾಡುವುದು ಈಗ ಸಾಮಾನ್ಯ. ನಿಯಮ ಬೌಲ್ ಯಾರ್ಡ್‌ಗಳನ್ನು ಸೇರಿಸಿಕೊಂಡಿತು, ಆದರೆ ಒಳ್ಳೆಯ ಓಟಗಾರರು ಅವನ್ನು ಓಡಲು ಬರುತ್ತಿಲ್ಲ.

ಹಾಗಾಗಿ 2,628 ಮುರಿಯುವುದಾದರೆ, ಅದನ್ನು ಮುರಿಯುವವನು ಇನ್ನೊಬ್ಬ ಜೆಂಟಿಯೇ ಆಗಿರುವ ಸಂಭವ ಹೆಚ್ಚು: ಮಧ್ಯಮ ಗಾತ್ರದ ಕಾನ್ಫರೆನ್ಸ್, ಒಬ್ಬನನ್ನೇ ನಂಬಿದ ತಂಡ, ಕಾನ್ಫರೆನ್ಸ್ ಗೆದ್ದು ಪ್ಲೇಆಫ್‌ನಲ್ಲಿ ಒಂದೆರಡು ಸುತ್ತು. ಮುರಿಯುವ ಆ ಪಂದ್ಯ ಪ್ಲೇಆಫ್‌ನದ್ದೇ ಆದರೆ ಎನ್‌ಸಿಎಎ ಎರಡು ಕಾಲಮ್‌ಗಳ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ.